ಹಳೇ ಐಪಾಡ್ ರಿಪೇರಿಗೆ ಕೊಡೋ ಮುಂಚೆ ಇದನ್ನ ಓದಿ, ನಮ್ಮಮ್ಮನ ಹಾಡೆಲ್ಲಾ ಹೋಯ್ತು

ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಕೋಪ ಇನ್ನೂ ಇಳಿದಿಲ್ಲ, ಬರೆದಿದ್ದು ಹಿಂದೆಮುಂದೆ ಆಗಿದ್ರೆ ಕ್ಷಮಿಸಿ. ಮನೇಲಿ ಹಳೇ ಐಪಾಡ್, ಅಂದ್ರೆ ಆಪಲ್‌ನ ಹಾಡು ಕೇಳೋ ಪ್ಲೇಯರ್, ಇಟ್ಕೊಂಡಿರೋರು ದಯವಿಟ್ಟು ಪೂರ್ತಿ ಓದಿ.

ನಮ್ಮಣ್ಣ 2006ರ ಕೊನೇಲಿ ಅಮೆರಿಕದಿಂದ ಬರುವಾಗ ತಂದಿದ್ದು, 30 ಜಿಬಿದು. ಆಗಷ್ಟೇ ಮೈಕ್ರೋಸಾಫ್ಟಿನ ಮ್ಯೂಸಿಕ್ ಪ್ಲೇಯರ್ ಝೂನ್ ಬಂದಿತ್ತು, ಅದೂ 30 ಜಿಬಿ, ಎರಡಕ್ಕೂ 249 ಡಾಲರ್. ಅವನ ರೂಮ್‌ಮೇಟು ಕ್ರಿಯೇಟಿವ್ ಕಂಪನಿಯ ಝೆನ್ ಪ್ಲೇಯರ್ ತಗೋ ಅಂದಿದ್ನಂತೆ. ಕಂಪ್ಯೂಟರಿಂದ ಐಪಾಡಿಗೆ ಹಾಡು ತುಂಬಿಸೋ ಆಪಲ್ ಸಾಫ್ಟ್‌ವೇರು ಐಟ್ಯೂನ್ಸ್ ಚೆನ್ನಾಗಿದೆ ಅಂತ ಇವನು ಐಪಾಡೇ ತಗೊಂಡ. ಆಗಿನ ಪೈಪೋಟಿ ಇದ್ದಿದ್ದೇ ಹಾಗೆ, ಕೈಲಿರೋ ಡಬ್ಬಿಗಿಂತ ಕಂಪ್ಯೂಟರಲ್ಲಿರೋ ಸಾಫ್ಟ್‌ವೇರು ಮುಖ್ಯ. ಸೋನಿಯೋರ ಸಾಫ್ಟ್‌ವೇರು ಸಾನಿಕ್‌ಸ್ಟೇಜ್, ಝೂನಿಗೆ ಅದರದ್ದೇ ಬೇರೆ, ಮೈಕ್ರೋಸಾಫ್ಟ್ ಅಂತೂ ತಾನೇ ಶುರು ಮಾಡಿದ 'ಪ್ಲೇಸ್‌ಫಾರ್‌ಶೂರ್' ಗುರುತಿನ ಅಂಗಡಿಗಳಲ್ಲಿ ಕೊಂಡ ಹಾಡುಗಳೂ ಝೂನಲ್ಲಿ ಬರಲ್ಲ ಅಂತು.

ಅಮ್ಮ ಹೇಳ್ತಿದ್ದ ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎರಡು ಕ್ಯಾಸೆಟ್ಟಲ್ಲಿತ್ತು. ಅಣ್ಣ ಅದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿ 41 ಹಾಡು ಐಪಾಡಿಗೆ ಹಾಕಿದ್ದ. ಆಮೇಲೆ ಕ್ಯಾಸೆಟ್ಟಿಗೆ ಬೂಷ್ಟು ಹಿಡೀತು, ಆ ಲ್ಯಾಪ್‌ಟಾಪ್ ಕೆಟ್ಟೋಯ್ತು, ಅಮ್ಮ 2014ರಲ್ಲಿ ಹೋದ್ರು. ಉಳಿದಿದ್ದು ಆ ಐಪಾಡೊಂದೇ. ಯಾಕೆ ಕಾಪಿ ತೆಗೆದಿಟ್ಕೊಳ್ಳಿಲ್ಲ ಅಂತ ಅಣ್ಣನೂ ಕೇಳಿದ, ಹೆಂಡ್ತಿನೂ ಕೇಳಿದ್ಲು, ಉತ್ತರ ಇಲ್ಲ ನನ್ನ ಹತ್ರ.

ಬ್ಯಾಟರಿ ಹತ್ತು ನಿಮಿಷಾನೂ ನಿಲ್ತಿರ್ಲಿಲ್ಲ. ಆಪಲ್ 2022ರ ಮೇ ತಿಂಗಳಲ್ಲೇ ಐಪಾಡ್ ನಿಲ್ಲಿಸಿಬಿಡ್ತಲ್ಲ, ಇಂಥ ಹಳೇದಕ್ಕೆ ಸಣ್ಣ ಅಂಗಡಿಗಳೇ ಗತಿ ಅನ್ಕೊಂಡು ಒಂದು ಕಡೆ ಕೊಟ್ಟೆ. ಬ್ಯಾಟರಿ ಮಾತ್ರ ಅಂದೆ, ಎರಡು ಸಲ ಅಂದೆ, ಒಳಗೆ ಅಮ್ಮನ ಹಾಡಿದೆ ಮುಟ್ಬೇಡಿ ಅಂತ ಬಾಯಿಬಿಟ್ಟು ಹೇಳಿದೆ. "ಬ್ಯಾಟರಿಗೂ ಡೇಟಾಗೂ ಸಂಬಂಧಾನೇ ಇಲ್ಲ ಸರ್" ಅಂದ. ಅದು ನಿಜಾನೇ, ಅದಕ್ಕೇ ನಂಬಿದೆ.

ಸಂಜೆ ವಾಪಸ್ ಇಸ್ಕೊಂಡು ಬಸ್ಸಲ್ಲಿ ಕೂತು ಐಪಾಡಿನ ಚಕ್ರ ತಿರುಗಿಸ್ತೀನಿ, ಸಾವಿರಾರು ಹಾಡು, ಎಲ್ಲಾ ಯಾವ್ಯಾವುದೋ ರೀಮಿಕ್ಸು. 'ಅಮ್ಮ' ಅಂತಿದ್ದ ಪ್ಲೇಲಿಸ್ಟೇ ಇಲ್ಲ. ಮೇಲಿಂದ ಕೆಳಗೆ ನೋಡಿದೆ, ಕೆಳಗಿಂದ ಮೇಲೆ ನೋಡಿದೆ, ಆಫ್ ಮಾಡಿ ಆನ್ ಮಾಡಿ ನೋಡಿದೆ. ಇಲ್ಲ. ಕೈ ನಡುಗೋಕೆ ಶುರುವಾಯ್ತು, ಮುಂದಿನ ಸ್ಟಾಪಲ್ಲೇ ಇಳಿದು ವಾಪಸ್ ಓಡಿದೆ.

ಅಂಗಡಿಯೋನು ಹೇಳ್ತಾನೆ, "ಚೆಕ್ ಮಾಡೋಕೆ ಸಿಸ್ಟಮಿಗೆ ಹಾಕಿದ್ವಿ ಸರ್, ಏನೋ ಕೇಳ್ತು, ಓಕೆ ಕೊಟ್ವಿ." ಏನೋ ಕೇಳ್ತಂತೆ! ಅದು ಕೇಳಿದ್ದು, ಈ ಐಪಾಡ್ ಬೇರೆ ಐಟ್ಯೂನ್ಸ್ ಲೈಬ್ರರಿಗೆ ಸೇರಿದ್ದು, ಇದರಲ್ಲಿರೋದನ್ನ ಅಳಿಸಿ ಈ ಲೈಬ್ರರಿ ಜೊತೆ ಸಿಂಕ್ ಮಾಡ್ಲಾ, ಅಂದ್ರೆ ಈ ಕಂಪ್ಯೂಟರಲ್ಲಿರೋ ಹಾಡು ತುಂಬಿಸ್ಲಾ ಅಂತ. ಅದಕ್ಕೆ ಓಕೆ ಕೊಟ್ಟಿದಾರೆ. ನಾನು ಕೂಗಾಡಿದ ಮೇಲೆ "ಹುಡುಗ ಹೊಸಬ ಸರ್" ಅಂದ, ಆಮೇಲೆ "ಫ್ರೀಯಾಗಿ ಇಷ್ಟೊಂದು ಹಾಡು ಹಾಕ್ಕೊಟ್ಟಿದೀವಲ್ಲ" ಅಂದ, ಕೊನೆಗೆ "ಯಾವ ಹಾಡು ಹೇಳಿ ಸರ್, ಯೂಟ್ಯೂಬಿಂದ ಇಳಿಸ್ಕೊಡ್ತೀನಿ" ಅಂದ. ನಮ್ಮಮ್ಮನ ಹಾಡು, ಯೂಟ್ಯೂಬಿಂದ! ಬಿಲ್ಲಲ್ಲಿ 200 ರೂಪಾಯಿ ಕಮ್ಮಿ ಮಾಡ್ತೀನಿ ಅಂದ. ತಗೊಳ್ಳಿಲ್ಲ.

ಆ ಕಿಟಕಿಲಿ 'ಟ್ರಾನ್ಸ್‌ಫರ್ ಪರ್ಚೇಸಸ್' ಅಂತ ಇನ್ನೊಂದು ಬಟನ್ ಇರುತ್ತೆ, ಅದನ್ನೂ ನಂಬ್ಬೇಡಿ. ಅದು ಉಳಿಸೋದು ಐಟ್ಯೂನ್ಸ್ ಸ್ಟೋರಲ್ಲಿ ಕೊಂಡಿದ್ದನ್ನ ಮಾತ್ರ, ನೀವೇ ರೆಕಾರ್ಡ್ ಮಾಡಿದ್ದನ್ನಲ್ಲ. ಯಾರ ಕೈಗೂ ಕೊಡೋ ಮುಂಚೆ ಐಟ್ಯೂನ್ಸ್ ಇಲ್ಲದ ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಹಿಡನ್ ಫೈಲ್ಸ್ ಕಾಣೋ ಹಾಗೆ ಮಾಡಿ, 'ಐಪಾಡ್ ಕಂಟ್ರೋಲ್' ಅನ್ನೋ ಫೋಲ್ಡರ್ ಒಳಗೆ 'ಮ್ಯೂಸಿಕ್' ಇರುತ್ತೆ, ಅದನ್ನ ಇಡೀದಾಗಿ ಕಾಪಿ ಮಾಡ್ಕೊಳ್ಳಿ. ಫೈಲಿನ ಹೆಸರೆಲ್ಲಾ ನಾಲ್ಕು ಅಕ್ಷರದ ಅರ್ಥವಿಲ್ಲದ್ದು ಇರುತ್ತೆ, ಹೆದರ್ಬೇಡಿ, ಹಾಡು ಅದೇ. ಇಷ್ಟು ಮಾಡೋಕೆ ಅರ್ಧ ಗಂಟೆ ಸಾಕಿತ್ತು ನಂಗೆ. ಅರ್ಧ ಗಂಟೆ.

ಅಕ್ಕನ ಮಗ ರಾತ್ರಿ ಪೂರ್ತಿ ರಿಕವರಿ ಸಾಫ್ಟ್‌ವೇರ್ ಓಡಿಸಿದ. ಅಳಿಸಿದ ಜಾಗದ ಮೇಲೇ ಅವರ ಹಾಡು ತುಂಬಿಸಿರೋದ್ರಿಂದ ಹೆಚ್ಚೇನೂ ಸಿಗ್ಲಿಲ್ಲ. ಒಂದು ಆರತಿ ಹಾಡು ಸಿಕ್ತು, ಎರಡನೇ ನುಡಿ ಮಧ್ಯದಲ್ಲೇ ನಿಂತುಹೋಗುತ್ತೆ. ಅದನ್ನ ಅಣ್ಣನಿಗೂ ಅಕ್ಕನಿಗೂ ಕಳಿಸಿದೀನಿ, ಮೂರು ಕಡೆ ಇಟ್ಟಿದೀನಿ.