ಕಾರ್ ಪೇಂಟ್ ಫಿನಿಶಿಂಗ್‌ಗೆ ಸ್ಯಾಂಡರ್ ತಗೊಳ್ಳೋರು ಒಂದ್ಸಲ ಓದಿ

ವಾಟ್ ಎಷ್ಟು, ಆರ್‌ಪಿಎಂ ಎಷ್ಟು ಅಂತಷ್ಟೇ ಕೇಳಿ ಸ್ಯಾಂಡರ್ (ಪೇಪರ್ ಹಾಕಿ ಪೇಂಟ್ ಉಜ್ಜುವ ಮೆಷಿನ್) ಕೊಳ್ಳಬೇಡಿ. ಆರ್ಬಿಟ್, ಅಂದರೆ ಪೇಪರ್ ಅಂಟಿಸುವ ಪ್ಯಾಡ್ ಆಡುವ ಸುತ್ತಿನ ಅಗಲ, ಎಷ್ಟು ಮಿಮೀ ಅಂತ ಕೇಳಿ. ಅಂಗಡಿಯವರು ಇದೊಂದನ್ನು ಮುಚ್ಚಿಟ್ಟಿದ್ದಕ್ಕೆ ನಮ್ಮ ಭಾವನ ಶೆಡ್‌ನಲ್ಲಿ ಒಂದು ಬಾನೆಟ್‌ಗೆ ಪೂರ್ತಿ ಮತ್ತೆ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಕೋಟ್) ಹೊಡೆಯಬೇಕಾಯಿತು.

ಭಾವನದು ಹಾಸನದಲ್ಲಿ ಸಣ್ಣ ಟಿಂಕರಿಂಗ್-ಪೇಂಟಿಂಗ್ ಶೆಡ್. ಕ್ಲಿಯರ್ ಮೇಲೆ ಕೂತ ಧೂಳು, ಆರೆಂಜ್ ಪೀಲ್ (ಕಿತ್ತಳೆ ಸಿಪ್ಪೆ ಥರದ ತರಿ) ಎಲ್ಲವನ್ನೂ ಕೈಯಲ್ಲೇ ವಾಟರ್ ಪೇಪರ್ ಹಿಡಿದು ತೆಗೆಯುತ್ತಿದ್ದರು. ಭುಜದ ನೋವು ಜಾಸ್ತಿ ಆಯಿತು, ಮೆಷಿನ್ ತರೋಣ ಅಂದರು. ಬೆಂಗಳೂರಿನಲ್ಲಿ ಇರೋನು ನಾನು, ಟೂಲ್ಸ್ ಅಂಗಡಿಗಳ ಎಸ್‌ಜೆಪಿ ರಸ್ತೆಗೆ ಹೋದೆ. ಕ್ಲಿಯರ್ ಕೋಟ್ ಮೇಲೆ 1500, 2000 ನಂಬರಿನ ನಯವಾದ ಪೇಪರ್ ಓಡಿಸೋಕೆ ಬೇಕು ಅಂತ ಬಿಡಿಸಿ ಹೇಳಿದೆ. "ಇದೇ ತಗೊಳ್ಳಿ ಸರ್, ಡಿಎ (ಡ್ಯುಯಲ್ ಆಕ್ಷನ್) ಇದು, ಕಾರ್ ಫಿನಿಶಿಂಗ್‌ಗೇ ಅಂತ ಬಂದಿರೋದು" ಅಂದರು. ಡಬ್ಬದ ಮೇಲೆ ದೊಡ್ಡದಾಗಿ ಕಾರಿನ ಚಿತ್ರ ಬೇರೆ. ಆರ್ಬಿಟ್ ಅಳತೆ ಮಾತ್ರ ಡಬ್ಬದಲ್ಲೂ ಇಲ್ಲ, ಮೆಷಿನ್ ಪ್ಲೇಟಿನಲ್ಲೂ ಇಲ್ಲ. ಕೇಳಿದ್ದಕ್ಕೆ "ಎಲ್ಲಾ ಒಂದೇ ಸರ್" ಅನ್ನೋ ಉತ್ತರ.

ಎಲ್ಲಾ ಒಂದೇ ಅಲ್ಲ. ಡಿಎ ಸ್ಯಾಂಡರ್‌ನ ಪ್ಯಾಡ್ ತಿರುಗುವುದರ ಜೊತೆಗೆ ಸಣ್ಣ ಸುತ್ತು ಹಾಕುತ್ತಾ ಆಡುತ್ತದೆ, ಆ ಸುತ್ತಿನ ಅಗಲವೇ ಆರ್ಬಿಟ್. 5 ಮಿಮೀ ಇದ್ದರೆ ಬೇಗ ತಿನ್ನುತ್ತದೆ, ಪುಟ್ಟಿಗೆ, ಪ್ರೈಮರ್‌ಗೆ ಅದು ಬೇಕು. ಕ್ಲಿಯರ್ ಮೇಲಿನ ಕೊನೆ ಕೆಲಸಕ್ಕೆ 2.5 ಅಥವಾ 3 ಮಿಮೀ. ಕೈ ಪಳಗಿದವರು ಪ್ಯಾಡಿಗೂ ಪೇಪರಿಗೂ ನಡುವೆ ಮೆತ್ತನೆ ಇಂಟರ್‌ಫೇಸ್ ಪ್ಯಾಡ್ ಹಾಕಿ 5ರಲ್ಲೂ ಮುಗಿಸುತ್ತಾರೆ, ಇಲ್ಲ ಅನ್ನಲ್ಲ. ಆದರೆ ನಮಗೆ ಸಿಕ್ಕಿದ್ದು 5 ಮಿಮೀ, ಜೊತೆಗೆ ಮರದ ಕೆಲಸದ ಗಟ್ಟಿ ಪ್ಯಾಡ್.

ಕಪ್ಪು ಸ್ವಿಫ್ಟ್‌ನ ಬಾನೆಟ್ ಅದು. ಉಜ್ಜಿ, ಕಾಂಪೌಂಡ್ (ಗೀರು ತೆಗೆಯುವ ಪೇಸ್ಟ್) ಹಾಕಿ ಪಾಲಿಶ್ ಮಾಡಿದಾಗ ಶೆಡ್ ನೆರಳಲ್ಲಿ ಕನ್ನಡಿ ಥರ ಹೊಳೆಯುತ್ತಿತ್ತು. ಗಿರಾಕಿ ತಗೊಂಡು ಹೋಗಿ, ತೊಳೆದು, ಬಿಸಿಲಿಗೆ ನಿಲ್ಲಿಸಿದರು ನೋಡಿ, ಬಾನೆಟ್ ತುಂಬಾ ಸುರುಳಿ ಸುರುಳಿ ಗೆರೆ! ಪಿಗ್‌ಟೇಲ್ ಅನ್ನೋದು ಇದಕ್ಕೇ. ಪೇಪರ್ ಕೆಳಗೆ ಒಂದು ಧೂಳಿನ ಕಣ ಸಿಕ್ಕಿಕೊಂಡರೆ ಸಾಕು, ಪ್ಯಾಡ್ ಹೇಗೆ ಆಡುತ್ತದೋ ಹಾಗೇ ಅದು ಗೀರುತ್ತಾ ಹೋಗುತ್ತದೆ. ಆರ್ಬಿಟ್ ದೊಡ್ಡದಾದಷ್ಟೂ ಸುರುಳಿ ದೊಡ್ಡದು, ಪ್ಯಾಡ್ ಗಟ್ಟಿಯಾದಷ್ಟೂ ಗೀರು ಆಳ. ಕಾಂಪೌಂಡ್‌ನಲ್ಲಿರುವ ಎಣ್ಣೆ ಅಂಶ ಗೀರಿನಲ್ಲಿ ತುಂಬಿಕೊಂಡು ಸ್ವಲ್ಪ ದಿನ ಮುಚ್ಚಿಡುತ್ತದೆ, ತೊಳೆದ ಕೂಡಲೇ ಬಣ್ಣ ಬಯಲು.

ಇನ್ನೂ ಉಜ್ಜಿ ತೆಗೆಯೋಣ ಅಂದರೆ ಕ್ಲಿಯರ್ ಇರೋದೇ ಸಾಮಾನ್ಯವಾಗಿ 40ರಿಂದ 60 ಮೈಕ್ರಾನ್, ತಲೆಗೂದಲಿಗಿಂತ ತೆಳು. ಅದರಲ್ಲಿ ಆಗಲೇ ಒಂದಷ್ಟು ಹೋಗಿತ್ತು. ಬಾನೆಟ್ ಅಂಚಿನ ಮಡಿಕೆಯಲ್ಲಿ ಇನ್ನೂ ತೆಳು. ಎರಡನೇ ಸಲ ಕೈಯಲ್ಲೇ ಉಜ್ಜುವಾಗ ಅಲ್ಲಿ ಹಾಲಿನಂಥ ಬಿಳಿ ನೀರು ಬರುತ್ತಿದ್ದದ್ದು ಸಣ್ಣಗೆ ಕಪ್ಪಾಯಿತು. ಭಾವ ಪೇಪರ್ ಕೆಳಗಿಟ್ಟರು. ಬಿಳಿ ಬರುವವರೆಗೆ ನೀವು ಕ್ಲಿಯರ್‌ನಲ್ಲಿದ್ದೀರಿ, ಗಾಡಿಯ ಬಣ್ಣ ಬಂತು ಅಂದರೆ ಕ್ಲಿಯರ್ ಕೆಳಗಿನ ಬಣ್ಣದ ಪದರ, ಬೇಸ್ ಕೋಟ್, ಮುಟ್ಟಿದಿರಿ ಅಂತ ಅರ್ಥ, ಆಮೇಲೆ ಯಾವ ಪಾಲಿಶೂ ಕಾಪಾಡಲ್ಲ. (ಕ್ಲಿಯರ್ ಇಲ್ಲದ ಹಳೇ ಸಾಲಿಡ್ ಪೇಂಟ್ ಆದರೆ ಮೊದಲಿಂದಲೇ ಬಣ್ಣ ಬರುತ್ತದೆ, ಅದು ಬೇರೆ.)

ಅಂಗಡಿಗೆ ವಾಪಸ್ ಹೋದರೆ "ಯೂಸ್ ಮಾಡಿದ ಮಾಲು ತಗೊಳ್ಳಲ್ಲ ಸರ್." ಕಾರ್ ಫಿನಿಶಿಂಗ್‌ಗೆ ಅಂತ ನೀವೇ ತಾನೇ ಕೊಟ್ಟಿದ್ದು ಅಂದೆ. "ಪ್ರೈಮರ್ ಉಜ್ಜೋದೂ ಫಿನಿಶಿಂಗೇ ಅಲ್ವಾ" ಅಂದರು! ಏನು ಹೇಳೋದು ಇದಕ್ಕೆ.

ಅಲ್ಲೇ ಇನ್ನೊಬ್ಬರು ಕಂಪ್ರೆಸರ್ ಗಾಳಿಯಲ್ಲಿ ಓಡುವ ಗಾಳಿ ಸ್ಯಾಂಡರ್ ತೋರಿಸಿದರು. ಹಗುರ, ನೀರು ಹಾಕಿ ಉಜ್ಜಬಹುದು, ಕರೆಂಟ್ ಮೆಷಿನ್‌ನಲ್ಲಿ ನೀರಿನ ಸಹವಾಸವೇ ಬೇಡ, ಶಾಕ್ ಹೊಡೆಯುತ್ತದೆ. ಆದರೆ ಗಾಳಿ ಸ್ಯಾಂಡರ್ ಬಿಡುವಿಲ್ಲದೆ ಗಾಳಿ ಕುಡಿಯುತ್ತದೆ, ಸುಮಾರು 10 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಮೇಲೆ. 1 ಎಚ್‌ಪಿಯ ಪುಟ್ಟ ಕಂಪ್ರೆಸರ್ ಕೊಡುವುದು ಅದರ ಅರ್ಧವೂ ಇಲ್ಲ. ಸ್ವಲ್ಪ ಹೊತ್ತಿಗೆ ಪ್ರೆಶರ್ ಇಳಿದು ಪ್ಯಾಡ್ ತೂಕಡಿಸುತ್ತದೆ, ಮತ್ತೆ ಅದೇ ಗೀರು. ಕಂಪ್ರೆಸರ್ ಬಗ್ಗೆ ಕೇಳದೆ ಗಾಳಿ ಸ್ಯಾಂಡರ್ ಮಾರುವವರನ್ನೂ ನಂಬಬೇಡಿ.

ಆಂಗಲ್ ಗ್ರೈಂಡರ್‌ಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಅದೇ ಸಾಕು ಅನ್ನೋರೂ ಇದ್ದಾರೆ. 11,000 ಆರ್‌ಪಿಎಂನಲ್ಲಿ ಪೇಂಟ್ ಸುಟ್ಟೇ ಹೋಗುತ್ತದೆ, ಅವರ ಮಾತು ಬಿಡಿ.

ಅಳತೆ ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ನೋಡಬಹುದು. ಪ್ಲಗ್ ತೆಗೆದು ಮೆಷಿನ್ ತಲೆಕೆಳಗೆ ಹಿಡಿಯಿರಿ, ಪ್ಯಾಡ್ ಅಂಚಿಗೆ ಸ್ಕೇಲ್ ಇಡಿ, ಪ್ಯಾಡ್ ತಿರುಗದ ಹಾಗೆ ಹಿಡಿದು ಕೈಯಲ್ಲೇ ಗುಂಡಗೆ ಆಡಿಸಿ. ಅಂಚು ಆ ಕಡೆಯಿಂದ ಈ ಕಡೆಗೆ ಎಷ್ಟು ಸರಿಯುತ್ತದೋ ಅಷ್ಟೇ ಆರ್ಬಿಟ್. ಹಾಗೇ ಆ ಮೆಷಿನ್‌ಗೆ ಇಂಟರ್‌ಫೇಸ್ ಪ್ಯಾಡ್ ಸಿಗುತ್ತದಾ, ಪ್ಯಾಡ್‌ನ ಧೂಳು ಎಳೆಯುವ ತೂತುಗಳಿಗೆ ಹೊಂದುವ 1500, 2000 ಡಿಸ್ಕ್ ಸಿಗುತ್ತದಾ ವಿಚಾರಿಸಿ, ಇಲ್ಲದಿದ್ದರೆ ಆಮೇಲೆ ಪೇಪರ್‌ಗೆ ಅಲೆಯಬೇಕು. ಬಿಲ್‌ನಲ್ಲಿ ಆರ್ಬಿಟ್ ಇಷ್ಟು ಮಿಮೀ, ಕ್ಲಿಯರ್ ಕೋಟ್ ಕೆಲಸಕ್ಕೆ ಅಂತ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಸುಮ್ನೆ ಪಕ್ಕದ ಅಂಗಡಿಗೆ ಹೋಗಿ, ಆ ರಸ್ತೆಯಲ್ಲಿ ಅಂಗಡಿಗೇನು ಬರ?