ಹುಬ್ಬಳ್ಳಿ ಕಟ್ಟಿನ 50 ಕೆಜಿ ಪಾಟಾ ಹ್ಯಾಮರ್: ಮೈ ಗಟ್ಟಿ, ಡೈ ಮೆತ್ತಗೆ

ಸಮ್ಮಟಿಗೆ ಬೀಸಲು ಆಳು ಸಿಗದ ಕಂಬಾರಸಾಲೆಗೆ ಈಗ ಎರಡು ದಾರಿ. ಬಟಾಲಾ, ರಾಜಕೋಟ್ ಕಡೆಯಿಂದ ಎರಕದ ಬಾಡಿಯ ಹ್ಯಾಮರ್ (ಮೋಟಾರಿನಿಂದ ಬಡಿಯುವ ಯಂತ್ರ) ತರಿಸುವುದು ಒಂದು. ಹುಬ್ಬಳ್ಳಿಯಲ್ಲೇ ಚಾನೆಲ್, ಪ್ಲೇಟು ವೆಲ್ಡ್ ಮಾಡಿ ಕಟ್ಟಿದ್ದನ್ನು ಕೊಳ್ಳುವುದು ಇನ್ನೊಂದು. ಇಲ್ಲಿ ನೋಡುತ್ತಿರುವುದು ಎರಡನೆಯದನ್ನು: 50 ಕೆಜಿ ಟಪ್ (ಮೇಲಿಂದ ಬಿದ್ದು ಬಡಿಯುವ ತೂಕ), ಏಳು ಲಾರಿ ಪಾಟಾ (ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಕಟ್ಟಿದ ಸ್ಪ್ರಿಂಗ್, 5 ಎಚ್‌ಪಿ ತ್ರೀ ಫೇಸ್ ಮೋಟಾರು, ಕಾಲಲ್ಲಿ ಒತ್ತುವ ಪೆಡಲ್. ಕುಂಟೆಯ ಕುಡ, ಕೊಡಲಿ, ಹಾರೆ, ಉಳಿ ಮಾಡುವ ಸಾಲೆಗೆ ಈ ಅಳತೆ ಸಾಕು. 40 ಮಿಮೀ ಚೌಕದವರೆಗೆ ಕಬ್ಬಿಣ ಚೆನ್ನಾಗಿ ಹರಿಯುತ್ತದೆ. 50 ದಾಟಿದರೆ ಏಟು ಒಳಗಿನ ತಿರುಳಿಗೆ ಮುಟ್ಟುವುದಿಲ್ಲ, ಮೇಲ್ಮೈ ಮಾತ್ರ ಸರಿಯುತ್ತದೆ, ರಾಡಿನ ತುದಿ ಬಟ್ಟಲಿನ ಹಾಗೆ ಒಳಗೆ ಗುಳಿ ಬೀಳುತ್ತದೆ. ಆ ಗುಳಿಯನ್ನು ಕತ್ತರಿಸಿ ಎಸೆಯದೆ ಮುಂದೆ ಬಡಿದರೆ ತುದಿಯಲ್ಲಿ ಸೀಳು ಗ್ಯಾರಂಟಿ.

ವೇಗದ ಲೆಕ್ಕ ಸರಿಯಾಗಿದೆ. ಮೋಟಾರು 1440 ಸುತ್ತು, ಅದರ ಪುಲ್ಲಿ 100 ಮಿಮೀ, ದೊಡ್ಡ ಗಾಲಿ 700 ಮಿಮೀ. ಅಂದರೆ ನಿಮಿಷಕ್ಕೆ 205 ಏಟು, ಲೋಡು ಬಿದ್ದಾಗ ಸ್ವಲ್ಪ ಕಡಿಮೆ. ಕೆಲಸ ಬೇಗ ಆಗಲಿ ಎಂದು 125ರ ಪುಲ್ಲಿ ಹಾಕಿಸುವವರಿದ್ದಾರೆ. ಏಟು 257ಕ್ಕೆ ಏರುತ್ತದೆ ನಿಜ, ಆದರೆ ಟಪ್ ಪೂರ್ತಿ ಕೆಳಗೆ ಬರುವ ಮೊದಲೇ ಸ್ಪ್ರಿಂಗ್ ಅದನ್ನು ಮೇಲಕ್ಕೆ ಎಳೆಯತೊಡಗುತ್ತದೆ. ಸದ್ದು ಜಾಸ್ತಿ, ಏಟಿನಲ್ಲಿ ಕಸುವಿಲ್ಲ, ಮೇಲಾಗಿ ಪಾಟಾ ಮುರಿಯುತ್ತದೆ.

ಅಡಿಗಲ್ಲಿನಲ್ಲಿ, ಅಂದರೆ ಕೆಳಗಿನಿಂದ ಏಟು ತಡೆಯುವ ದಿಮ್ಮಿಯಲ್ಲಿ, ಕಂಜೂಸುತನ ಮಾಡಿದ್ದಾರೆ. 300 ಮಿಮೀ ವ್ಯಾಸ, 700 ಮಿಮೀ ಎತ್ತರದ ದುಂಡು ಸ್ಟೀಲು, ತೂಕ ಸುಮಾರು 390 ಕೆಜಿ. ಟಪ್ಪಿನ ಎಂಟು ಪಟ್ಟೂ ಇಲ್ಲ. ಹತ್ತು ಪಟ್ಟಿಗಿಂತ ಕಡಿಮೆಯಾದರೆ ಏಟಿನ ಒಂದು ಪಾಲು ಕಬ್ಬಿಣಕ್ಕೆ ಹೋಗದೆ ಅಡಿಗಲ್ಲನ್ನೇ ಕುಣಿಸಿ ನೆಲಕ್ಕಿಳಿಯುತ್ತದೆ. ಆರ್ಡರ್ ಕೊಡುವಾಗಲೇ 350 ಮಿಮೀ ಕೇಳಿ. ಅದೇ ಎತ್ತರಕ್ಕೆ 530 ಕೆಜಿ ಹತ್ತಿರ ಬರುತ್ತದೆ. ಅಡಿಗಲ್ಲನ್ನು ಫ್ರೇಮಿಗೆ ವೆಲ್ಡ್ ಮಾಡದೆ ಬೇರೆಯಾಗಿ ನಿಲ್ಲಿಸಿರುವುದು ಮಾತ್ರ ಒಳ್ಳೆಯ ಕೆಲಸ. ವೆಲ್ಡ್ ಮಾಡಿದ್ದರೆ ಪ್ರತಿ ಏಟಿಗೂ ಫ್ರೇಮಿನ ಜೋಡಣೆ ನಡುಗಿ ಬಿರುಕು ಬಿಡುತ್ತಿತ್ತು.

ಈಗ ಡೈ, ಅಂದರೆ ಕಾದ ಕಬ್ಬಿಣಕ್ಕೆ ಮೇಲೆ ಕೆಳಗೆ ತಾಗುವ ಉಕ್ಕಿನ ಮುಖಗಳು. ಯಂತ್ರದ ಜೊತೆ ಕೊಡುವ ಜೋಡಿ ಇಎನ್8 ಎಂಬ ಮಧ್ಯಮ ಇಂಗಾಲದ ಉಕ್ಕಿನದು, ಹದ ಹಾಕಿಲ್ಲ (ಕಾಯಿಸಿ, ತಣಿಸಿ ಗಡಸು ಮಾಡಿಲ್ಲ), ಅಂಚುಗಳು ಚಾಕುವಿನಂತೆ ಚೂಪು. ಎರಡೂ ತಪ್ಪು. ಮೆತ್ತಗಿನ ಡೈ ಕೆಲವೇ ವಾರಗಳಲ್ಲಿ ಅಣಬೆಯ ತಲೆಯಂತೆ ಅಂಚಿಗೆ ಹರಡಿ ನಡುವೆ ತಗ್ಗಾಗುತ್ತದೆ. ಆಮೇಲೆ ಚಪ್ಪಟೆ ಪಟ್ಟಿ ಬಡಿದರೆ ನಡು ಉಬ್ಬುತ್ತದೆ. ಚೂಪು ಅಂಚು ಇನ್ನೂ ಕೆಟ್ಟದ್ದು. ಅದು ಕಾದ ಕಬ್ಬಿಣದಲ್ಲಿ ಮೆಟ್ಟಿಲು ಕಡಿಯುತ್ತದೆ, ಮುಂದಿನ ಏಟಿಗೆ ಆ ಮೆಟ್ಟಿಲು ಮಗುಚಿ ಮಡಿಕೆ ಬೀಳುತ್ತದೆ, ಮಡಿಕೆಯೊಳಗೆ ಕಿಟ್ಟ ಸೇರುತ್ತದೆ. ಅದು ಮತ್ತೆ ಬೆಸೆಯುವ ಮಾತಿಲ್ಲ. ಕೊಡಲಿಯ ಬಾಯಿಗೆ ನೀರು ಕುಡಿಸಿದಾಗ (ಕಾಯಿಸಿ ನೀರಿಗೆ ಅದ್ದಿದಾಗ) ‘ಟಿಣ್’ ಎಂದು ಬಿರಿಯುವುದು ಎಷ್ಟೋ ಸಲ ಇದೇ ಜಾಗದಲ್ಲಿ; ಬೈಗುಳ ಬೀಳುವುದು ಕೊಡಲಿಗೆ ಬಳಸಿದ ಪಾಟಾ ಉಕ್ಕಿಗೆ.

ಹೊಸ ಯಂತ್ರ ಬಂದ ದಿನವೇ ಗ್ರೈಂಡರ್ ಹಿಡಿದು ನಾಲ್ಕೂ ಅಂಚಿಗೆ 6ರಿಂದ 8 ಮಿಮೀ ದುಂಡು ಕೊಡಿ. ಆ ಜೋಡಿ ಸವೆಯುವಷ್ಟರಲ್ಲಿ ಇಎನ್24ನ (ನಿಕಲ್, ಕ್ರೋಮಿಯಂ ಸೇರಿದ ಉಕ್ಕು) ಇನ್ನೊಂದು ಜೋಡಿ ಮಾಡಿಸಿ. 830ರಿಂದ 850 ಡಿಗ್ರಿಗೆ ಕಾಯಿಸಿ, ದಪ್ಪದ ಪ್ರತಿ 25 ಮಿಮೀಗೆ ಒಂದು ಗಂಟೆಯಂತೆ ಅದೇ ಕಾವಿನಲ್ಲಿ ಬಿಟ್ಟು, ಎಣ್ಣೆಗೆ ಇಳಿಸಬೇಕು. ಎಣ್ಣೆ 50–60 ಡಿಗ್ರಿ ಬೆಚ್ಚಗಿರಲಿ. ಕುಡಕ್ಕೆ ಕುಡಿಸುವ ಹಾಗೆ ಇದಕ್ಕೂ ನೀರು ಕುಡಿಸಿದರೆ ಡವ್‌ಟೇಲಿನ (ಡೈಯನ್ನು ಹಿಡಿದಿಡುವ ಓರೆ ಬುಡ) ಮೂಲೆಯಿಂದ ಸೀಳುತ್ತದೆ. ಎಣ್ಣೆಯಿಂದ ತೆಗೆದು ಕೈಗೆ ತಾಳುವಷ್ಟು ಆರಿದ ಕೂಡಲೇ, ನಾಳೆ ನೋಡೋಣ ಎನ್ನದೆ, 520 ಡಿಗ್ರಿಯ ಆಸುಪಾಸಿನಲ್ಲಿ ಎರಡು ಗಂಟೆ ಟೆಂಪರ್ (ಪೆಡಸು ಇಳಿಸಲು ಮರುಕಾಯಿಸುವುದು) ಮಾಡಿಸಿ. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 40ರ ಸುಮಾರಿಗೆ ನಿಲ್ಲುತ್ತದೆ. ಅದಕ್ಕಿಂತ ಗಡಸು ಮಾಡಿದರೆ ಅಂಚು ಚಕ್ಕೆ ಎದ್ದು ಸಿಡಿಯುತ್ತದೆ, ಎದುರು ನಿಂತವರ ಗತಿ ಹೇಳಬೇಕಿಲ್ಲ. ಸಾಲೆಯ ಕುಲುಮೆಯಲ್ಲಿ ಕಣ್ಣಂದಾಜಿಗೆ ಇಷ್ಟು ದಪ್ಪದ ತುಂಡನ್ನು ಒಂದೇ ಸಮ ಕಾಯಿಸುವುದು ಕಷ್ಟ. ಹದ ಹಾಕುವ ಫರ್ನೇಸಿಗೆ ಕೊಡುವುದೇ ಲಾಭ. ಲಾರಿ ಆಕ್ಸಲ್ ತುಂಡಿನಲ್ಲಿ ಡೈ ಮಾಡಬಹುದೇ ಎಂದು ಕೇಳುವವರು ಬಹಳ. ಮಾಡಬಹುದು, ಆದರೆ ಯಾವ ಸ್ಟೀಲು ಎಂದು ಗೊತ್ತಿಲ್ಲದ ಕಾರಣ ಮೊದಲು ಅದೇ ಆಕ್ಸಲಿನ ಚೂರೊಂದಕ್ಕೆ ಹದ ಹಾಕಿ, ಮುರಿದು, ಅರದಿಂದ ಉಜ್ಜಿ ನೋಡಿ.

ಡವ್‌ಟೇಲಿನ ಒಳಮೂಲೆಗೂ ಕನಿಷ್ಠ 3 ಮಿಮೀ ದುಂಡು ಬೇಕು. ಡೈ ಬಿಗಿಯುವ ಬೆಣೆಗೆ ನೂರಕ್ಕೆ ಒಂದರ ಓಟ (ಇಳಿಜಾರು) ಸಾಕು, ಮತ್ತು ಬೆಣೆ ಡೈಗಿಂತ ಮೆತ್ತಗಿರಲಿ. ಹೊಸ ಬೆಣೆ ಹೊಡೆದು ಅರ್ಧ ಗಂಟೆ ಕೆಲಸ ಮಾಡಿ, ನಿಲ್ಲಿಸಿ, ಮತ್ತೆ ಒಂದೆರಡು ಏಟು ಕೊಡಿ, ಆಗ ಕೂರುತ್ತದೆ. ಸಿಟ್ಟಿನಿಂದ ಸಮ್ಮಟಿಗೆಯಲ್ಲಿ ಚಚ್ಚಿದರೆ ಡೈ ಉಳಿದು ಟಪ್ಪೇ ಬಿರಿಯುತ್ತದೆ. ಧಾರವಾಡದ ಡಿಸೆಂಬರ್ ಬೆಳಗ್ಗೆ ತಣ್ಣಗಿನ ಡೈ ಮೇಲೆ ನೇರ ಕೆಲಸ ಶುರು ಮಾಡಬೇಡಿ. ಕಾದ ತುಂಡೊಂದನ್ನು ಎರಡೂ ಡೈಗಳ ನಡುವೆ ಹತ್ತು ನಿಮಿಷ ಇಟ್ಟು ಬೆಚ್ಚಗಾಗಿಸಿ. ನಡುವೆ ಏನೂ ಇಲ್ಲದೆ ಡೈಗೆ ಡೈ ಬಡಿಯುವುದು ಯಾವ ಕಾಲದಲ್ಲೂ ಬೇಡ.

ಹಾರೆಗೆ ದುಂಡು ಬೇಕಾದವರು ಹೊಸ ಡೈ ಕೊಳ್ಳಬೇಕಿಲ್ಲ, ಚಪ್ಪಟೆ ಡೈ ಮೇಲೆ ಇಡುವ ಸ್ಪ್ರಿಂಗ್ ಸ್ವೇಜ್ (ರಾಡಿಗೆ ದುಂಡು ಆಕಾರ ಕೊಡುವ ಜೋಡಿ ಅಚ್ಚು) ಸಾಲೆಯಲ್ಲೇ ಆಗುತ್ತದೆ. 25 ಮಿಮೀ ದುಂಡಿಗೆ: ಎರಡು ಸ್ಟೀಲು ತುಂಡುಗಳ ನಡುವೆ 2 ಮಿಮೀ ತಗಡು ಇಟ್ಟು ಕ್ಲ್ಯಾಂಪ್ ಮಾಡಿ, ಸರಿಯಾಗಿ ತಗಡಿನ ಮೇಲೆ 25ರ ಡ್ರಿಲ್ ಇಳಿಸಿ. ತಗಡು ತೆಗೆದರೆ ಪ್ರತಿ ತುಂಡಿನಲ್ಲೂ 11.5 ಮಿಮೀ ಆಳದ ಕಾಲುವೆ. ಅರ್ಧ ವೃತ್ತಕ್ಕಿಂತ ಕೊಂಚ ಕಡಿಮೆಯಿರುವ ಈ ಆಳವೇ ಇದರ ಗುಟ್ಟು. ಪೂರ್ತಿ ಅರ್ಧ ವೃತ್ತ ಕೊರೆದರೆ ರಾಡು ಒಳಗೆ ಕಚ್ಚಿಕೊಳ್ಳುತ್ತದೆ, ಪಕ್ಕಕ್ಕೆ ಕಿವಿ ಏಳುತ್ತದೆ. ಕಾಲುವೆಯ ಅಂಚುಗಳನ್ನು 3–4 ಮಿಮೀ ದುಂಡು ಮಾಡಿ, ಏಟು ಏಟಿಗೂ ರಾಡು ತಿರುಗಿಸಿ, ಎರಡೂ ತುಂಡು ಮುಟ್ಟುವ ಮೊದಲೇ ನಿಲ್ಲಿಸಿ. ಕೆಂಪಗೆ ಕಾದ 25 ಮಿಮೀ ರಾಡು ಆರಿದಾಗ ಸುಮಾರು 24.7ಕ್ಕೆ ಇಳಿಯುತ್ತದೆ, ಅಳತೆ ಮುಖ್ಯವಾದ ಕೆಲಸಕ್ಕೆ ಡ್ರಿಲ್ಲನ್ನು ಆ ವ್ಯತ್ಯಾಸದಷ್ಟು ದೊಡ್ಡದು ಹಿಡಿಯಿರಿ.

ಸ್ವೇಜ್ ಇಡುವ ಮೊದಲು ಟಪ್ಪಿನ ಎತ್ತರ ಏರಿಸಲು ಮರೆಯುವುದು ಎಲ್ಲರೂ ಮಾಡುವ ತಪ್ಪು. ಮೇನ್ ಆಫ್ ಮಾಡಿ ಗಾಲಿಯನ್ನು ಕೈಯಲ್ಲಿ ತಿರುಗಿಸಿ, ಕ್ರ್ಯಾಂಕ್ ತೀರ ಕೆಳಗೆ ಬಂದಾಗ ಡೈಗಳ ನಡುವೆ ಕೆಲಸದ ದಪ್ಪಕ್ಕಿಂತ 10–15 ಮಿಮೀ ಹೆಚ್ಚು ಸಂದು ಇರುವಂತೆ ಕ್ರ್ಯಾಂಕಿಗೆ ಜೋಡಿಸಿದ ಲಿಂಕ್ ರಾಡ್ ಹೊಂದಿಸಬೇಕು. ಉಳಿದ ದೂರವನ್ನು ಪಾಟಾ ತಾನೇ ಬಾಗಿ ಮುಟ್ಟಿಸುತ್ತದೆ. ಸಂದು ಕಡಿಮೆಯಾದರೆ ಕ್ರ್ಯಾಂಕಿಗೇ ಹೊಡೆತ ಬಿದ್ದು ಮೋಟಾರು ಟ್ರಿಪ್ ಆಗುತ್ತದೆ, ಹೆಚ್ಚಾದರೆ ಏಟು ಹಗುರ. ಈ ಯಂತ್ರದಲ್ಲಿ ಅದಕ್ಕೆ ಎರಡು ನಟ್ಟು ಸಡಿಲಿಸಿದರೆ ಸಾಕು, ಐದು ನಿಮಿಷದ ಕೆಲಸ. ಮೆಚ್ಚಬೇಕಾದ ವಿನ್ಯಾಸ.

ಪೆಡಲ್ ಮಾತ್ರ ಒರಟು. ಮೂರು ವಿ-ಬೆಲ್ಟನ್ನು ರೋಲರ್ ಒತ್ತಿ ಬಿಗಿ ಮಾಡುವ ಕ್ಲಚ್ ಇದು. ವಿ-ಬೆಲ್ಟು ಜಾರುವುದಕ್ಕಿಂತ ತಟ್ಟನೆ ಹಿಡಿಯುವುದೇ ಹೆಚ್ಚು, ಹಾಗಾಗಿ ಮೆಲ್ಲಗಿನ ಏಟು ಕೊಡಲು ಕಾಲು ಪಳಗಬೇಕು. ಬ್ರೇಕ್ ಇಲ್ಲ. ಕಾಲು ತೆಗೆದ ಮೇಲೂ ಒಂದೆರಡು ಏಟು ಬೀಳುತ್ತವೆ, ಉಳಿಯ ತುದಿಯಂಥ ಸಣ್ಣ ಕೆಲಸ ಕೆಡಲು ಅಷ್ಟು ಸಾಕು. ಗಾಲಿಯ ಮೇಲೆ ಹಳೆಯ ಬೆಲ್ಟಿನ ಪಟ್ಟಿ ಸುತ್ತಿ, ಪೆಡಲ್ ಬಿಟ್ಟ ಕೂಡಲೇ ಅದು ಬಿಗಿಯುವಂತೆ ಮಾಡಿದರೆ ಟಪ್ ಮೇಲೆಯೇ ನಿಲ್ಲುತ್ತದೆ.

ಫೌಂಡೇಶನ್ ಬಗ್ಗೆ ತಯಾರಕರು ಕೊಡುವ ಒಂದು ಹಾಳೆಯ ನಕ್ಷೆ ನಮ್ಮ ಎರೆ ಭೂಮಿಗೆ ಒಗ್ಗುವುದಿಲ್ಲ. ಗದಗ, ನರಗುಂದ, ನವಲಗುಂದದ ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎರಡು ಅಡಿ ತೆಗೆದು ಕಾಂಕ್ರೀಟ್ ಸುರಿದರೆ ಒಂದೇ ವರ್ಷಕ್ಕೆ ಯಂತ್ರ ವಾಲುತ್ತದೆ, ಟಪ್ ಜಾರುವ ಗೈಡಿನ ಒಂದೇ ಮಗ್ಗುಲು ಸವೆಯುತ್ತದೆ. ಗರಸು (ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೂ ತೆಗೆಯಿರಿ. 1.5 ಮೀಟರ್ ಉದ್ದ, 1.2 ಅಗಲ, 1.2 ಆಳದ ಎಂ20 ದರ್ಜೆಯ ಕಾಂಕ್ರೀಟ್ ದಿಂಡು ಐದು ಟನ್ ತೂಗುತ್ತದೆ, ಈ ಹ್ಯಾಮರಿಗೆ ಅಷ್ಟು ಬೇಕು. ಗರಸು ಇನ್ನೂ ಆಳದಲ್ಲಿದ್ದರೆ ಉಳಿದ ತಗ್ಗಿಗೆ ಹೊರಗಿನ ಗರಸು ತಂದು, ನೀರು ಹಾಕಿ, ಪದರ ಪದರವಾಗಿ ಕುಟ್ಟಿ ತುಂಬಿ. ತೆಗೆದ ಎರೆ ಮಣ್ಣನ್ನೇ ವಾಪಸು ಹಾಕಬೇಡಿ. ಅಡಿಗಲ್ಲಿನ ಕೆಳಗೆ 100 ಮಿಮೀ ದಪ್ಪದ ಒಣಗಿದ ಜಾಲಿ ಇಲ್ಲವೇ ಮತ್ತಿ ಮರದ ಹಲಗೆ ಕೂರಿಸಿ. ದಿಂಡು ಗೋಡೆಯ ಪಾಯಕ್ಕೆ ತಾಗದೆ ಸುತ್ತ ಸಂದು ಇರಲಿ, ಇಲ್ಲವಾದರೆ ಪಕ್ಕದ ಮನೆಯವರ ಗೋಡೆ ಬಿರಿದು ಜಗಳ ಬಾಗಿಲಿಗೆ ಬರುತ್ತದೆ. ಕಾಂಕ್ರೀಟಿಗೆ 28 ದಿನ ಕೊಡಿ. ಏಳನೇ ದಿನ ಯಂತ್ರ ಓಡಿಸಿದರೆ ಬೋಲ್ಟಿನ ಸುತ್ತ ಪುಡಿಯಾಗತೊಡಗುತ್ತದೆ.

ಪಾಟಾ ಮುರಿಯುವುದು ಹೆಚ್ಚಾಗಿ ನಡುವಿನ ಬೋಲ್ಟಿನ ತೂತಿನಲ್ಲಿ. ಯು-ಬೋಲ್ಟು ಸಡಿಲವಾದರೆ ಮುರಿಯುವುದು ಇನ್ನೂ ಬೇಗ, ಆದ್ದರಿಂದ ಮೊದಲ ವಾರ ದಿನಾ ಸ್ಪ್ಯಾನರ್ ಹಾಕಿ ನೋಡಿ. ತಿಂಗಳಿಗೊಮ್ಮೆ ಸ್ಪ್ರಿಂಗ್ ಬಿಚ್ಚಿ, ಒರೆಸಿ, ತೂತಿನ ಸುತ್ತ ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ ಸುಣ್ಣದ ಬಳಪ ಉಜ್ಜಿ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಷ್ಟು ತೆಳ್ಳನೆ ಒದ್ದೆ ಗೆರೆ ಮೂಡುತ್ತದೆ. ಗೆರೆ ಕಂಡ ಪಾಟಾ ಗುಜರಿಗೆ ಹೋಗಬೇಕು. ವೆಲ್ಡ್ ಮಾಡಿ ಮತ್ತೆ ಕಟ್ಟಿದರೆ ವೆಲ್ಡಿನ ಪಕ್ಕದಲ್ಲೇ ತುಂಡಾಗುತ್ತದೆ, ಮುರಿದ ತುಂಡು ಹಾರುವುದು ಕೆಲಸ ಮಾಡುವವರ ತಲೆಯ ಎತ್ತರದಲ್ಲಿ. ಸ್ಪ್ರಿಂಗಿಗೆ ಜಾಳಿಗೆಯ ಗಾರ್ಡ್ ಈ ಯಂತ್ರದೊಂದಿಗೆ ಬರುವುದಿಲ್ಲ. ಕೇಳಿದರೆ ಹಾಕಿ ಕೊಡುತ್ತಾರೆ, ಅದು ಇಲ್ಲದೆ ಡೆಲಿವರಿ ತೆಗೆದುಕೊಳ್ಳಬೇಡಿ.