ಐದಡಿ ಎತ್ತರದವರಿಗೆ ಸರಿಯಾದ ಹಾಕಿ ಸ್ಟಿಕ್ ಕೊಡುವ ಅಂಗಡಿ

ನಾನು ಐದಡಿ ಎತ್ತರ, 45 ಕೆಜಿ. ಮೈಸೂರಿನಲ್ಲಿ ಇನ್‌ಲೈನ್ ಹಾಕಿ ಆಡುತ್ತೇನೆ. ನಮ್ಮೂರಲ್ಲಿ ಐಸ್ ಎಲ್ಲಿಂದ ಬರಬೇಕು, ಚಕ್ರದ ಸ್ಕೇಟ್ ಹಾಕಿಕೊಂಡು ಸಿಮೆಂಟ್ ರಿಂಕಿನಲ್ಲಿ ಆಡುತ್ತೇವೆ. ಸ್ಟಿಕ್ ಮಾತ್ರ ಐಸ್ ಹಾಕಿಯದ್ದೇ ನಡೆಯುತ್ತದೆ. ನನ್ನ ಅಳತೆಗೆ ಆ ಸ್ಟಿಕ್ ಹುಡುಕುವುದೇ ದೊಡ್ಡ ತಲೆನೋವಾಗಿತ್ತು. ಶಿವರಾಂಪೇಟೆಯ ಈ ಸಣ್ಣ ಅಂಗಡಿಯಲ್ಲಿ ಅದು ಅರ್ಧ ಗಂಟೆಯಲ್ಲಿ ಬಗೆಹರಿಯಿತು.

ಅಂಗಡಿಯವರು ನನ್ನ ವಯಸ್ಸು ಕೇಳಲಿಲ್ಲ. "ತೂಕ ಎಷ್ಟಮ್ಮಾ?" ಅಂದರು. ಕೇಳಬೇಕಾದ್ದೇ ಅದು. ಸ್ಟಿಕ್ ಮೇಲೆ ಫ್ಲೆಕ್ಸ್ ಅಂತ ಒಂದು ಸಂಖ್ಯೆ ಇರುತ್ತದಲ್ವಾ, ಕೋಲನ್ನು ಒಂದು ಇಂಚು ಬಗ್ಗಿಸಲು ಎಷ್ಟು ಪೌಂಡ್ ಬಲ ಬೇಕು ಅನ್ನುವ ಲೆಕ್ಕ ಅದು. ಪೌಂಡಿನಲ್ಲಿ ನಮ್ಮ ತೂಕ ಎಷ್ಟೋ, ಅದರ ಅರ್ಧದ ಆಸುಪಾಸು ಇದ್ದರೆ ಸರಿ. ನನಗೆ 50. ಹಿಂದೆ ಬೇರೊಂದು ಕಡೆ "ನೀವು ದೊಡ್ಡವರು, ಸೀನಿಯರ್ ಸ್ಟಿಕ್ಕೇ ತಗೊಳ್ಳಿ" ಅಂತ 85 ಫ್ಲೆಕ್ಸಿನದ್ದು ಕೊಟ್ಟು, ಗಲ್ಲದ ಮಟ್ಟಕ್ಕೆ ಕತ್ತರಿಸಿ ಕಳಿಸಿದ್ದರು. ಕತ್ತರಿಸಿದಷ್ಟೂ ಕೋಲು ಗಡುಸಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಶಾಟ್ ಹೊಡೆದರೆ ಬಗ್ಗುತ್ತಲೇ ಇರಲಿಲ್ಲ, ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ನೆಲ ಬಿಟ್ಟು ಏಳುತ್ತಿರಲಿಲ್ಲ. ಒನಕೆ ಹಿಡಿದು ಆಡಿದ ಹಾಗೆ.

ಇಲ್ಲಿ ಜೂನಿಯರ್ 50 ಫ್ಲೆಕ್ಸಿನದ್ದು ತೆಗೆದುಕೊಟ್ಟು, ಸ್ಕೇಟ್ ಹಾಕಿಕೊಂಡೇ ನಿಲ್ಲಿ ಅಂದರು. ಮಂಡಿ ಬಗ್ಗಿಸಿ, ಆಡುವಾಗ ನಿಲ್ಲುವ ಹಾಗೇ ನಿಂತೆ. ಅವರು ಕುಕ್ಕರುಗಾಲಲ್ಲಿ ಕೂತು, ಸ್ಟಿಕ್ಕಿನ ತಳದ ಚಪ್ಪಟೆ ಭಾಗ, ಅಂದರೆ ಬ್ಲೇಡಿನ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿದರು. ಹಿಂಭಾಗದಲ್ಲಿ ಕಾರ್ಡ್ ಹೋಗಲಿಲ್ಲ, ತುದಿಯ ಕಡೆ ಸಲೀಸಾಗಿ ಹೋಯಿತು. "ತುದಿ ಎದ್ದಿದೆ, ಕೋಲು ಒಂದಿಂಚು ಜಾಸ್ತಿ" ಅಂದರು. ಗುರುತು ಹಾಕಿ, ಸುತ್ತ ಟೇಪ್ ಸುತ್ತಿ, ಕಾರ್ಬನ್ ಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿಕೊಂಡು, ಸಣ್ಣ ಹಲ್ಲಿನ ಹ್ಯಾಕ್ಸಾದಲ್ಲಿ ನಿಧಾನಕ್ಕೆ ಕೊಯ್ದರು. ಅಂಚನ್ನು ಮರಳುಕಾಗದದಲ್ಲಿ ಉಜ್ಜಿ, ಕೋಲಿನ ಆ ಮೇಲ್ತುದಿಗೆ ಮುಚ್ಚಳ ಕೂರಿಸಿದರು. ಮತ್ತೆ ಕಾರ್ಡ್ ಇಟ್ಟು ನೋಡಿದರು. ಸ್ಟಿಕ್ಕಿಗೆ 4,200 ರೂಪಾಯಿ, ಈ ಕೆಲಸಕ್ಕೆ ಬೇರೆ ದುಡ್ಡಿಲ್ಲ.

ಜೂನಿಯರ್ ಕೋಲು ತೆಳ್ಳಗಿರುವುದರಿಂದ ನನ್ನ ಬೆರಳು ಪೂರ್ತಿ ಸುತ್ತಿಕೊಳ್ಳುತ್ತದೆ. ಪಕ್ ಕಾಲ ಹತ್ತಿರ ಬಂದರೂ ಕೈ ಹೊಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಮಣಿಕಟ್ಟು ತಿರುಗಿಸಿ ಹೊಡೆಯುವ ರಿಸ್ಟ್ ಶಾಟ್ ಈಗ ಮೇಲೇಳುತ್ತಿದೆ!

"ನಿನ್ನ ಎತ್ತರಕ್ಕೆ ಹಾಕಿ ಯಾಕೆ" ಅನ್ನುವವರು ಇದ್ದೇ ಇದ್ದಾರೆ. ಅವರು ಎನ್‌ಎಚ್‌ಎಲ್, ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್, ನೋಡಿಲ್ಲ. ರಾಯ್ ವರ್ಟರ್ಸ್ ಅನ್ನುವ ಗೋಲ್‌ಕೀಪರ್ 5 ಅಡಿ 3 ಇಂಚು. ತಂಡಕ್ಕೆ ಅತಿ ಮೌಲ್ಯದ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನು 1929ರಲ್ಲಿ ಗೆದ್ದರು, ಗೋಲ್‌ಕೀಪರ್‌ಗಳ ಪೈಕಿ ಅದನ್ನು ಗೆದ್ದ ಮೊದಲಿಗರು ಅವರೇ. ಥಿಯೊ ಫ್ಲೂರಿ 5 ಅಡಿ 6 ಇಂಚು. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ 1987ರಲ್ಲಿ 166ನೆಯವರಾಗಿ ಆಯ್ಕೆಯಾದರು, 1989ರಲ್ಲಿ ಕ್ಯಾಲ್ಗರಿ ತಂಡದ ಜೊತೆ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು. ನನಗೆ ಎಲ್ಲರಿಗಿಂತ ಇಷ್ಟ ಮಾರ್ಟಿನ್ ಸೇಂಟ್ ಲೂಯಿ. 5 ಅಡಿ 8 ಇಂಚಿನ ಇವರನ್ನು ಡ್ರಾಫ್ಟಿನಲ್ಲಿ ಯಾವ ತಂಡವೂ ಆರಿಸಲಿಲ್ಲ. 2004ರಲ್ಲಿ ಒಂದೇ ಸೀಸನ್ನಿನಲ್ಲಿ ಆರ್ಟ್ ರಾಸ್ (ಅತಿ ಹೆಚ್ಚು ಪಾಯಿಂಟ್ ಗಳಿಸಿದವರಿಗೆ ಕೊಡುವ ಟ್ರೋಫಿ), ಹಾರ್ಟ್, ಸ್ಟ್ಯಾನ್ಲಿ ಕಪ್ ಮೂರನ್ನೂ ಗೆದ್ದರು. ಸ್ಟಿಕ್ ಕೊಕ್ಕೆ ಹಾಕಿ ಎಳೆಯುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕೆ ರೆಫರಿಗಳು ಬಿಗಿಯಾಗಿ ಪೆನಾಲ್ಟಿ ಕೊಡಲು ಶುರು ಮಾಡಿದ್ದು ಅದಾದ ಮೇಲೆ, 2005ರಿಂದ. ಸಣ್ಣವರಿಗೆ ದಾರಿ ಬಿಟ್ಟಿದ್ದು ಆ ಬದಲಾವಣೆ. ಸೇಂಟ್ ಲೂಯಿ ಅದಕ್ಕೂ ಮೊದಲೇ ನುಗ್ಗಿದವರು.

ಅವರು 2022ರ ಫೆಬ್ರವರಿಯಲ್ಲಿ ಮಾಂಟ್ರಿಯಲ್ ತಂಡದ ಕೋಚ್ ಆದರು. ಅಲ್ಲಿ ಕೋಲ್ ಕಾಫೀಲ್ಡ್ ಅನ್ನುವ ಇನ್ನೊಬ್ಬ ಸಣ್ಣ ಹುಡುಗ ಆ ಸೀಸನ್ನಿನಲ್ಲಿ ಅಲ್ಲಿಯವರೆಗೆ ಒಂದೇ ಗೋಲು ಹೊಡೆದಿದ್ದ. ಹೊಸ ಕೋಚ್ ಕೆಳಗೆ 37 ಪಂದ್ಯದಲ್ಲಿ 22 ಗೋಲು. ಅವನಲ್ಲೇನಿದೆ ಅಂತ ಗೊತ್ತಿದ್ದವರು ಪಕ್ಕದಲ್ಲಿದ್ದರೆ ಹೀಗಾಗುತ್ತದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನೊಂದು ವಿಷಯ. ಎನ್‌ಎಚ್‌ಎಲ್‌ನಲ್ಲಿ ಸ್ಟಿಕ್ಕಿನ ಉದ್ದ 63 ಇಂಚು ಮೀರುವಂತಿಲ್ಲ. ಆದರೆ ಆರೂವರೆ ಅಡಿ ಅಥವಾ ಅದಕ್ಕಿಂತ ಎತ್ತರದವರು ಕೇಳಿದರೆ 65ರವರೆಗೆ ಬಿಡುತ್ತಾರೆ. 6 ಅಡಿ 9 ಇಂಚಿನ ಜ್ಡೆನೊ ಚಾರಾ ಅಂಥ ಉದ್ದದ ಸ್ಟಿಕ್ಕಿನಲ್ಲೇ ಆಡಿದವರು. ಎತ್ತರದವರಿಗೆ ನಿಯಮವನ್ನೇ ಸಡಿಲ ಮಾಡುತ್ತಾರೆ ಅಂದಮೇಲೆ, ನಮಗೆ ಅಂಗಡಿಯವರು ತೂಕ ಕೇಳಿ ಸರಿಯಾದ ಕೋಲು ಕೊಡುವುದು ದೊಡ್ಡ ವಿಷಯವೇನಲ್ಲ.

ಕೊರತೆಗಳೂ ಇವೆ. ಬಲಗೈ ಸ್ಟಿಕ್ ಕಡಿಮೆ ಇಟ್ಟಿರುತ್ತಾರೆ. ಚಿಕ್ಕ ಅಳತೆಯ ಶಿನ್ ಗಾರ್ಡ್ ಇರಲಿಲ್ಲ, ತರಿಸಿ ಕೊಡುತ್ತೇನೆ ಅಂದಿದ್ದಾರೆ. ಕಾರ್ಬನ್ ನಾರಿನ ಕಾಂಪೋಸಿಟ್ ಬ್ಲೇಡು ಸಿಮೆಂಟ್ ಮೇಲೆ ಬೇಗ ಸವೆಯುತ್ತದೆ, ದಿನದ ಪ್ರಾಕ್ಟೀಸಿಗೆ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಬ್ಲೇಡಿನ ಅಗ್ಗದ ಸ್ಟಿಕ್ ಸಾಕು ಅಂತ ಅವರೇ ಹೇಳಿದರು. ಮಾರುವವರ ಬಾಯಲ್ಲಿ ಇಂಥ ಮಾತು ಕೇಳಿ ಖುಷಿಯಾಯಿತು. ಸಂಜೆ ಗಿರಾಕಿಗಳು ಜಾಸ್ತಿ, ಬೆಳಿಗ್ಗೆ ಹೋದರೆ ಸಮಾಧಾನವಾಗಿ ನೋಡುತ್ತಾರೆ. ನಿಮ್ಮ ಸ್ಕೇಟ್ ಜೊತೆಗೇ ತಗೊಂಡು ಹೋಗಿ, ಅದನ್ನು ಹಾಕಿಕೊಂಡು ನಿಲ್ಲದೆ ಅವರು ಕೋಲು ಕತ್ತರಿಸುವುದಿಲ್ಲ.